ಹಲೋ, ಆ ಕಡೆ ಯಾರು ಮಾತಾಡೋದು?

ರಾತ್ರಿ ಹನ್ನೊಂದಾಗಿದೆ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳ ಗೇಟಿನ ಮುಂದೆ ಕ್ಯಾಬ್‌ಗಳು ಒಂದರ ಹಿಂದೊಂದು ಬಂದು ನಿಲ್ಲುತ್ತಿವೆ. ಮನೆಯವರು ಮಲಗುವ ಹೊತ್ತಿಗೆ ಹೊರಟು ಬಂದ ಹುಡುಗ ಹುಡುಗಿಯರು ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಒಳಗೆ ಹೋಗುತ್ತಾರೆ. ನ್ಯೂಯಾರ್ಕಿನಲ್ಲಿ ಈಗ ಮಧ್ಯಾಹ್ನದ ಊಟದ ಹೊತ್ತು. ಅಲ್ಲಿಯ ಗ್ರಾಹಕರು ಬಿಡುವು ಮಾಡಿಕೊಂಡು ಕಂಪನಿಗಳಿಗೆ ಫೋನ್ ಹಚ್ಚುವ ಸಮಯ.

ಒಬ್ಬಳು ಹೆಡ್‌ಸೆಟ್ ಹಾಕಿಕೊಂಡು ಲಾಗಿನ್ ಆಗುತ್ತಾಳೆ. ಪರದೆಯ ಎಡಗಡೆ ಗ್ರಾಹಕನ ಹೆಸರು, ಅವನು ಏನೇನು ಕೊಂಡಿದ್ದಾನೆ, ಹಿಂದೆ ಎಷ್ಟು ಸಲ ದೂರಿದ್ದಾನೆ ಎಂಬ ವಿವರ. ಮೂಲೆಯಲ್ಲಿ ಸೆಕೆಂಡುಗಳನ್ನು ಎಣಿಸುತ್ತಿರುವ ಗಡಿಯಾರ. ಬಲಗಡೆ ಈಚೆಗೆ ಸೇರಿಕೊಂಡ ಹೊಸ ಕಿಟಕಿಯೊಂದಿದೆ. ಓಹಾಯೋದ ಗ್ರಾಹಕ ಬಾಯಿ ತೆರೆಯುತ್ತಿದ್ದಂತೆ ಅವನ ಮಾತು ಆ ಕಿಟಕಿಯಲ್ಲಿ ಅಕ್ಷರಗಳಾಗಿ ಮೂಡುತ್ತದೆ. ಅವನು ಮುಗಿಸುವಷ್ಟರಲ್ಲಿ ಏನು ಉತ್ತರ ಕೊಡಬಹುದು ಎಂಬ ಸಲಹೆ ಕೆಳಗೆ ಕಾಣಿಸಿಕೊಳ್ಳುತ್ತದೆ. ಅವಳು ಆಡಿದ ಇಂಗ್ಲಿಷ್ ಅವನ ಕಿವಿಗೆ ಮುಟ್ಟುವ ಹೊತ್ತಿಗೆ ಅಮೆರಿಕದ ಉಚ್ಚಾರಣೆಗೆ ತಿರುಗಿರಲೂಬಹುದು.

ಇನ್ನು ಕೆಲವು ಕಂಪನಿಗಳಲ್ಲಿ ಅವಳೂ ಇಲ್ಲ. ಅವಳ ಜಾಗದಲ್ಲಿ ಯಂತ್ರವೇ ಕೇಳಿಸಿಕೊಂಡು ಯಂತ್ರವೇ ಉತ್ತರಿಸುತ್ತದೆ.

ದೇಶದಾಚೆಯ ಗ್ರಾಹಕರೊಂದಿಗೆ ಮಾತಾಡಲು ಕಂಪನಿಗಳಿಗೆ ಮೊದಲಿನಿಂದಲೂ ಮೂರು ಅಡ್ಡಿಗಳಿದ್ದವು: ದೂರ, ಹೊತ್ತು, ಭಾಷೆ. ಮೂರನ್ನೂ ತಂತ್ರಜ್ಞಾನ ಹೆಚ್ಚುಕಡಿಮೆ ದಾಟಿದೆ. ಆದರೆ ಗ್ರಾಹಕನಿಗೆ ಬೇಕಾದದ್ದು ಬರೀ ಮಾತಲ್ಲ. ಆ ಕಡೆ ಕೂತಿರುವುದು ಹುಡುಗಿಯಾಗಲಿ ಯಂತ್ರವಾಗಲಿ, ಆದ ತಪ್ಪನ್ನು ಸರಿಪಡಿಸುವ ಅಧಿಕಾರ ಅದಕ್ಕಿದೆಯೇ ಎಂಬುದು ಅವನ ಪ್ರಶ್ನೆ. ನಮ್ಮ ಕಾಲ್ ಸೆಂಟರುಗಳ ಇಪ್ಪತ್ತೈದು ವರ್ಷಗಳ ಕಥೆಯನ್ನು ಆ ಪ್ರಶ್ನೆ ಇಟ್ಟುಕೊಂಡೇ ನೋಡಬೇಕು ಎಂದು ನನಗನ್ನಿಸುತ್ತದೆ.

ತಂತಿ ಅಗ್ಗವಾದಾಗ

ಅಮೆರಿಕದ ಎಟಿ ಅಂಡ್ ಟಿ ಕಂಪನಿ 1967ರಲ್ಲಿ 800ರಿಂದ ಶುರುವಾಗುವ ಉಚಿತ ಕರೆ ಸಂಖ್ಯೆಗಳನ್ನು ತಂದಿತು. ಕರೆಯ ಖರ್ಚು ಗ್ರಾಹಕನದಲ್ಲ, ಕಂಪನಿಯದು. ಮುಂದೆ ಸಾವಿರಾರು ಕರೆಗಳನ್ನು ಸಾಲಾಗಿ ನಿಲ್ಲಿಸಿ, ಬಿಡುವಾದ ನೌಕರರಿಗೆ ಹಂಚುವ ಯಂತ್ರಗಳೂ ಬಂದವು. ಕಾಲ್ ಸೆಂಟರ್ ಎನ್ನುವುದು ಹುಟ್ಟಿದ್ದು ಹೀಗೆ. ಅದು ಅಮೆರಿಕದೊಳಗೇ ಉಳಿಯಲು ಕಾರಣ ಒಂದೇ, ಸಾಗರದಾಚೆಗಿನ ಕರೆ ದುಬಾರಿಯಾಗಿತ್ತು.

ಜನರಲ್ ಎಲೆಕ್ಟ್ರಿಕ್‌ನ ಹಣಕಾಸು ವಿಭಾಗ 1990ರ ದಶಕದ ಕೊನೆಯಲ್ಲಿ ಗುರುಗ್ರಾಮದಿಂದ ಅಮೆರಿಕದ ಗ್ರಾಹಕರ ಕೆಲಸ ಮಾಡಿಸಲು ಆರಂಭಿಸಿತು. ಭಾರತದ 1999ರ ಹೊಸ ದೂರಸಂಪರ್ಕ ನೀತಿ ದಾರಿ ಸುಗಮ ಮಾಡಿತು. ಅಂತರರಾಷ್ಟ್ರೀಯ ಕರೆಗಳ ಮೇಲೆ ವಿದೇಶ ಸಂಚಾರ ನಿಗಮಕ್ಕೆ (ವಿಎಸ್‌ಎನ್‌ಎಲ್) ಇದ್ದ ಏಕಸ್ವಾಮ್ಯ 2002ರಲ್ಲಿ ಮುಗಿಯಿತು. ಅದೇ ಹೊತ್ತಿಗೆ ಸಾಗರದಡಿ ಹಾಸಿದ ಫೈಬರ್ ಕೇಬಲ್‌ಗಳಿಂದ ಕರೆ ಸಾಗಿಸುವ ವೆಚ್ಚ ಇಳಿಯಿತು. ಪಿ.ವಿ. ಕಣ್ಣನ್ ಮತ್ತು ಶಣ್ಮುಗಂ ನಾಗರಾಜನ್ ಕಟ್ಟಿದ 24/7 ಕಸ್ಟಮರ್ 2000ದಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿತು. ಇನ್ಫೊಸಿಸ್ 2002ರಲ್ಲಿ ಪ್ರೋಜಿಯಾನ್ ಎಂಬ ಹೆಸರಿನಲ್ಲಿ ಈ ಕ್ಷೇತ್ರಕ್ಕೆ ಬಂತು. ಊರೂರಿನ ಪದವೀಧರರಿಗೆ 'ವಾಯ್ಸ್ ಪ್ರೋಸೆಸ್' ಎಂಬ ಹೊಸ ಉದ್ಯೋಗ ಸಿಕ್ಕಿತು.

ಆ ಉದ್ಯೋಗದೊಂದಿಗೆ ಇನ್ನೊಂದು ಹೆಸರೂ ಸಿಕ್ಕಿತು. ಹಗಲಿನ ಲಕ್ಷ್ಮಿ ರಾತ್ರಿ ಲೂಸಿಯಾಗಬೇಕಿತ್ತು. ಅಮೆರಿಕದ ಫುಟ್‌ಬಾಲ್ ತಂಡಗಳ ಹೆಸರು ಬಾಯಿಪಾಠ, ನಾಲಿಗೆ ಹೊರಳಿಸುವ ತರಗತಿ, ನ್ಯೂಯಾರ್ಕಿನ ಹವಾಮಾನದ ಬಗ್ಗೆ ಎರಡು ಮಾತು. ಥಾಮಸ್ ಫ್ರೀಡ್‌ಮನ್ 2005ರ ತಮ್ಮ 'ದ ವರ್ಲ್ಡ್ ಈಸ್ ಫ್ಲ್ಯಾಟ್' ಪುಸ್ತಕದಲ್ಲಿ ಬೆಂಗಳೂರಿನ ಇಂಥ ತರಗತಿಯೊಂದನ್ನು ಬೆರಗಿನಿಂದ ಬಣ್ಣಿಸಿದರು.

ಕಾಲ್ ಸೆಂಟರಿನೊಳಗೆ ಕೂತವರ ಅನುಭವ ಬೇರೆ. ಒಂದು ಕರೆಗೆ ಸರಾಸರಿ ಎಷ್ಟು ಹೊತ್ತು ತಗಲಿತು ಎಂಬ ಲೆಕ್ಕಕ್ಕೆ ಅವರ ಬಾಯಲ್ಲಿ 'ಎಎಚ್‌ಟಿ' ಎಂದು ಹೆಸರು. ಅದು ಏರಿದರೆ ಟೀಮ್ ಲೀಡರ್ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಗ್ರಾಹಕ ಕಷ್ಟ ಹೇಳಿಕೊಂಡು ಅತ್ತರೂ ಸ್ಕ್ರಿಪ್ಟ್ ಬಿಡುವಂತಿಲ್ಲ, ಹಣ ವಾಪಸು ಕೊಡಿಸಬೇಕಾದರೆ ಮೇಲಿನವರ ಒಪ್ಪಿಗೆ ಬೇಕು. ಬೈಗುಳ ತಿನ್ನಲು ಅವರನ್ನು ಕೂರಿಸಿದ್ದರು, ತೀರ್ಮಾನ ತೆಗೆದುಕೊಳ್ಳಲು ಅಲ್ಲ.

ಗ್ರಾಹಕರಿಗೂ ಇದು ಬೇಗ ತಿಳಿಯಿತು. ಡೆಲ್ ಕಂಪನಿ ತನ್ನ ಕಾರ್ಪೊರೇಟ್ ಗ್ರಾಹಕರ ಒಂದಷ್ಟು ಕರೆಗಳನ್ನು 2003ರ ನವೆಂಬರಿನಲ್ಲಿ ಬೆಂಗಳೂರಿನಿಂದ ಅಮೆರಿಕಕ್ಕೆ ಮರಳಿಸಿತು. ಬ್ರಿಟನ್ನಿನಲ್ಲಿ ಸ್ಯಾಂಟಾಂಡರ್ ಬ್ಯಾಂಕ್ ಬೆಂಗಳೂರು ಮತ್ತು ಪುಣೆಯ ಕರೆಗಳನ್ನು 2011ರಲ್ಲಿ ಸ್ವದೇಶಕ್ಕೆ ಕರೆಸಿಕೊಂಡಿತು. ಉಚ್ಚಾರಣೆ ಅರ್ಥವಾಗುವುದಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬಂತು. ಆ ದೂರಿನಲ್ಲಿ ನಿಜ ಇತ್ತು, ಪೂರ್ವಗ್ರಹವೂ ಇತ್ತು. ಉಚ್ಚಾರಣೆ ಎಷ್ಟೇ ಸ್ಪಷ್ಟವಾಗಿದ್ದರೂ ಕೆಲಸ ಆಗದಿದ್ದರೆ ಗ್ರಾಹಕ ಸಿಟ್ಟಾಗುತ್ತಲೇ ಇದ್ದ ಎಂಬುದನ್ನು ಮಾತ್ರ ಹೆಚ್ಚು ಜನ ಗಮನಿಸಲಿಲ್ಲ.

ಬಲಗಡೆಯ ಕಿಟಕಿ

ಈಗ ಆ ಹೊಸ ಕಿಟಕಿಗೆ ಬರೋಣ. ಅದು ನಿಜಕ್ಕೂ ಏನು ಮಾಡುತ್ತದೆ?

ಎರಿಕ್ ಬ್ರಿನ್ಯಾಲ್ಫ್‌ಸನ್, ಡ್ಯಾನಿಯೆಲ್ ಲಿ ಮತ್ತು ಲಿಂಡ್ಸೆ ರೇಮಂಡ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಐದು ಸಾವಿರಕ್ಕೂ ಹೆಚ್ಚು ಸಹಾಯವಾಣಿ ನೌಕರರ ಕೆಲಸವನ್ನು ಅಳೆದು 2023ರಲ್ಲಿ ವರದಿ ಪ್ರಕಟಿಸಿದರು. ನೌಕರರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸ್‌ನವರು. ಗ್ರಾಹಕ ಚಾಟ್ ಮಾಡುತ್ತಿರುವಾಗಲೇ ಕೃತಕ ಬುದ್ಧಿಮತ್ತೆ ಅವರಿಗೆ ಉತ್ತರ ಸೂಚಿಸುತ್ತಿತ್ತು. ಗಂಟೆಗೆ ಬಗೆಹರಿಯುವ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ 14ರಷ್ಟು ಏರಿತು. ಹೊಸಬರಲ್ಲಿ ಮತ್ತು ಕೆಲಸ ಅಷ್ಟಾಗಿ ಪಳಗದವರಲ್ಲಿ ಏರಿಕೆ ಶೇ 34. ಹಳಬರಲ್ಲಿ, ನುರಿತವರಲ್ಲಿ ಅಂಥ ಬದಲಾವಣೆ ಇರಲಿಲ್ಲ. 'ನಿಮ್ಮ ಮ್ಯಾನೇಜರ್‌ಗೆ ಕೊಡಿ' ಎನ್ನುವ ಗ್ರಾಹಕರೂ ಕಡಿಮೆಯಾದರು.

ಈ ಅಂಕಿಗಳ ಹಿಂದಿನ ಕಾರಣ ಬಹಳ ಮುಖ್ಯ. ಯಂತ್ರ ಕಲಿತದ್ದು ಅದೇ ಸಂಸ್ಥೆಯ ಸಾವಿರಾರು ಹಳೆಯ ಸಂಭಾಷಣೆಗಳಿಂದ, ಅದರಲ್ಲೂ ನುರಿತ ನೌಕರರು ಗ್ರಾಹಕರನ್ನು ಹೇಗೆ ಸಮಾಧಾನಪಡಿಸಿದರು, ಯಾವ ಪ್ರಶ್ನೆ ಮೊದಲು ಕೇಳಿದರು ಎಂಬುದರಿಂದ. ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ಗಳಿಸಿದ ಜಾಣ್ಮೆ ಯಂತ್ರದ ಮೂಲಕ ನಿನ್ನೆ ಮೊನ್ನೆ ಸೇರಿದವರ ಪರದೆಗೆ ಬಂತು. ಹೊಸಬರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಆದರೆ ಜಾಣ್ಮೆ ಕೊಟ್ಟ ಹಳಬರಿಗೆ ಅದಕ್ಕಾಗಿ ಬಿಡಿಗಾಸೂ ಹೆಚ್ಚಿಗೆ ಸಿಗುವ ಏರ್ಪಾಡು ಎಲ್ಲೂ ಕಾಣದು. ಇದನ್ನು ಸಣ್ಣ ಸಂಗತಿ ಎಂದು ತಳ್ಳಿಹಾಕಬಾರದು. ಬೆಂಗಳೂರು, ಮಂಗಳೂರು, ಮೈಸೂರಿನಲ್ಲಿ ಈ ಕೆಲಸಕ್ಕೆ ಯೌವನ ಕೊಟ್ಟವರು ನಮ್ಮ ಅಕ್ಕತಂಗಿಯರು, ಅಣ್ಣತಮ್ಮಂದಿರು.

ಕೂತಲ್ಲೇ ಬದಲಾಗುವ ಉಚ್ಚಾರಣೆ

ಸನಾಸ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿಯನ್ನು 2020ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಯುವಕರು ಸ್ಥಾಪಿಸಿದರು. ಅವರ ತಂತ್ರಾಂಶ ಮಾತನ್ನು ಹಾಗೇ ಇಟ್ಟು ಉಚ್ಚಾರಣೆಯನ್ನಷ್ಟೇ ಬದಲಿಸುತ್ತದೆ. ಮಾತಾಡುವವರಿಗೂ ಕೇಳುವವರಿಗೂ ಗೊತ್ತಾಗದಷ್ಟು ಬೇಗ ಇದು ನಡೆಯಬೇಕು. ಕಾಲ್ ಸೆಂಟರ್ ವ್ಯವಹಾರದ ದೈತ್ಯ, ಫ್ರಾನ್ಸ್‌ನ ಟೆಲಿಪರ್ಫಾರ್ಮೆನ್ಸ್, 2025ರಲ್ಲಿ ಸನಾಸ್‌ನಲ್ಲಿ 1.3 ಕೋಟಿ ಡಾಲರ್ ಹೂಡಿತು. ತನ್ನ ಭಾರತದ ನೌಕರರ ದನಿಗೆ ಈ ತಂತ್ರಾಂಶ ಬಳಸುತ್ತಿರುವುದಾಗಿಯೂ ಹೇಳಿತು.

ಬೈಗುಳ ಕಡಿಮೆಯಾಗುತ್ತದೆ, ನೌಕರರಿಗೆ ನೆಮ್ಮದಿ ಸಿಗುತ್ತದೆ ಎಂಬುದು ತಯಾರಕರ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. 'ಇಂಡಿಯಾದವಳಾ? ಅಮೆರಿಕದವರನ್ನೇ ಲೈನಿಗೆ ಕೊಡು' ಎಂಬ ಮಾತನ್ನು ದಿನವೂ ಕೇಳುವವರಿಗೆ ಅದು ತಪ್ಪಿದರೆ ಸಾಕಾಗಿರುತ್ತದೆ. ಹಾಗಿದ್ದರೂ ನನಗೆ ಇದು ಒಪ್ಪಿತವಲ್ಲ. ತಿದ್ದಬೇಕಿರುವುದು ಬೈಯುವವನ ನಡತೆಯನ್ನು. ಬೈಸಿಕೊಳ್ಳುವವಳ ದನಿಯನ್ನು ಅಳಿಸಿ ಶಾಂತಿ ತರುವ ದಾರಿ ಅವಳಿಗೆ ನ್ಯಾಯ ಒದಗಿಸುವುದಿಲ್ಲ. ಮೊದಲು ಹೆಸರು ಹೋಯಿತು, ಈಗ ದನಿ ಹೋಗುತ್ತಿದೆ.

ಯಂತ್ರವೇ ಮಾತಾಡುವಾಗ

ಹಿಂದಿನ ಚಾಟ್‌ಬಾಟ್‌ಗಳು ನಮಗೆಲ್ಲ ಗೊತ್ತು. ಆರ್ಡರ್ ತಿಳಿಯಲು ಒಂದು ಒತ್ತಿ, ರಿಫಂಡ್‌ಗೆ ಎರಡು ಒತ್ತಿ. ಮೊದಲೇ ಬರೆದಿಟ್ಟ ಪ್ರಶ್ನೆ, ಮೊದಲೇ ಬರೆದಿಟ್ಟ ಉತ್ತರ. ಪ್ರಶ್ನೆ ಸ್ವಲ್ಪ ಓರೆಯಾದರೆ 'ಕ್ಷಮಿಸಿ, ಅರ್ಥವಾಗಲಿಲ್ಲ' ಎನ್ನುತ್ತಿತ್ತು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಜನರಿಗೆ ಕಂಡದ್ದು ಬೇರೆ ಜಾತಿಯ ಯಂತ್ರ. ಅಪಾರ ಬರಹವನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವುದು ಸಹಜ ಎಂಬುದನ್ನು ಅದು ಕಲಿತಿರುತ್ತದೆ. ಹೀಗಾಗಿ ಹೇಗೆ ಕೇಳಿದರೂ ಸರಾಗ ಉತ್ತರ ಕೊಡುತ್ತದೆ. ಆದರೆ ಒಂದು ಕಂಪನಿಯ ವಾಪಸಾತಿ ನಿಯಮ ಅದಕ್ಕೆ ಹುಟ್ಟಿನಿಂದ ತಿಳಿದಿರುವುದಿಲ್ಲ. ಆದ್ದರಿಂದ ಕಂಪನಿಗಳು ಅದಕ್ಕೆ ತಮ್ಮ ದಾಖಲೆಗಳನ್ನು ಜೋಡಿಸುತ್ತವೆ. ಗ್ರಾಹಕ ಪ್ರಶ್ನೆ ಕೇಳಿದೊಡನೆ ತಂತ್ರಾಂಶ ಮೊದಲು ಆ ದಾಖಲೆಗಳಲ್ಲಿ ಸಂಬಂಧಪಟ್ಟ ಪುಟಗಳನ್ನು ಹುಡುಕಿ ಯಂತ್ರದ ಮುಂದಿಡುತ್ತದೆ. ಯಂತ್ರ ಅದನ್ನು ನೋಡಿ ಉತ್ತರ ಹೆಣೆಯುತ್ತದೆ. ಸರಿಯಾದ ಪುಟ ಸಿಗದಿದ್ದರೂ ಉತ್ತರ ಹೆಣೆಯುವುದನ್ನು ಅದು ನಿಲ್ಲಿಸಬೇಕೆಂದಿಲ್ಲ. ಕೇಳಲು ಚೆನ್ನಾಗಿರುವ, ನಿಜವಲ್ಲದ ನಿಯಮವೊಂದು ಆಗ ಹುಟ್ಟಿಕೊಳ್ಳುತ್ತದೆ. ಕೋಡ್ ಬರೆಯಲು ನೆರವಾಗುವ ಕರ್ಸರ್ ಎಂಬ ತಂತ್ರಾಂಶದ ಸಹಾಯ ಬಾಟ್ 2025ರ ಏಪ್ರಿಲ್‌ನಲ್ಲಿ ಇಲ್ಲದ ನಿಯಮವನ್ನು ಇದೆ ಎಂದು ಗ್ರಾಹಕರಿಗೆ ಬರೆದಿದ್ದರಿಂದ ಕಂಪನಿಯವರು ಕ್ಷಮೆ ಕೇಳಬೇಕಾಯಿತು.

ಫೋನಿನಲ್ಲಾದರೆ ಕೆಲಸ ಇನ್ನೂ ಬಿಗಿ. ಒಂದು ಭಾಗ ಮಾತನ್ನು ಬರಹ ಮಾಡಬೇಕು, ಇನ್ನೊಂದು ಉತ್ತರ ರಚಿಸಬೇಕು, ಮತ್ತೊಂದು ಅದನ್ನು ದನಿಯಾಗಿಸಬೇಕು. ನಾವು ಒಬ್ಬರೊಡನೊಬ್ಬರು ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಹತ್ತು ಭಾಷೆಗಳನ್ನು ಹೋಲಿಸಿ ನೋಡಿದ 2009ರ ಅಧ್ಯಯನವೊಂದು ಇದನ್ನು ತೋರಿಸಿತು. ಯಂತ್ರ ಎರಡು ಸೆಕೆಂಡು ಸುಮ್ಮನಿದ್ದರೆ ನಮಗೆ ಲೈನ್ ಕಟ್ಟಾಯಿತು ಅನ್ನಿಸುತ್ತದೆ, 'ಹಲೋ ಹಲೋ' ಎನ್ನುತ್ತೇವೆ. ಆ ಹಲೋ ಯಂತ್ರದ ಲೆಕ್ಕ ತಪ್ಪಿಸುತ್ತದೆ. ಈ ಕ್ಷೇತ್ರದ ಎಂಜಿನಿಯರುಗಳು ಸೆಕೆಂಡಿನ ಚೂರುಗಳಿಗಾಗಿ ಹೆಣಗಾಡುತ್ತಿರುವುದು ಇದೇ ಕಾರಣಕ್ಕೆ.

ಅಜ್ಜಿ ತೀರಿಕೊಂಡ ಮೊಮ್ಮಗನ ಟಿಕೆಟ್

ಅಧಿಕಾರ ಯಾರದು, ಹೊಣೆ ಯಾರದು ಎಂಬ ಪ್ರಶ್ನೆ ಕಟಕಟೆಗೆ ಬಂದ ಪ್ರಕರಣವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2022ರ ನವೆಂಬರ್. ಕೆನಡಾದ ವ್ಯಕ್ತಿಯೊಬ್ಬರ ಅಜ್ಜಿ ತೀರಿಕೊಂಡರು. ಅವರು ವ್ಯಾಂಕೂವರ್‌ನಿಂದ ಟೊರಾಂಟೊಗೆ ಹೋಗಬೇಕಿತ್ತು. ಹತ್ತಿರದವರ ಸಾವಿನ ಸಂದರ್ಭದಲ್ಲಿ ಪ್ರಯಾಣ ಮಾಡುವವರಿಗೆ ಏರ್ ಕೆನಡಾದಲ್ಲಿ ರಿಯಾಯಿತಿ ದರ ಇತ್ತು. ಅದರ ಬಗ್ಗೆ ಅವರು ಸಂಸ್ಥೆಯ ಜಾಲತಾಣದ ಚಾಟ್‌ಬಾಟನ್ನು ಕೇಳಿದರು. ಈಗ ಪೂರ್ತಿ ದರಕ್ಕೆ ಟಿಕೆಟ್ ಕೊಳ್ಳಿ, ಟಿಕೆಟ್ ಸಿಕ್ಕ 90 ದಿನದೊಳಗೆ ಅರ್ಜಿ ಹಾಕಿದರೆ ರಿಯಾಯಿತಿ ಕೊಡುತ್ತೇವೆ ಎಂಬರ್ಥದ ಉತ್ತರ ಬಂತು. ಅವರು ಆ ಮಾತು ನಂಬಿ ಟಿಕೆಟ್ ಕೊಂಡರು, ಹೋಗಿ ಬಂದರು, ಅರ್ಜಿ ಹಾಕಿದರು. ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಇಲ್ಲ ಎಂದು ಸಂಸ್ಥೆ ತಿರಸ್ಕರಿಸಿತು. ಅದೇ ಜಾಲತಾಣದ ಇನ್ನೊಂದು ಪುಟದಲ್ಲಿ ನಿಯಮ ಹಾಗೇ ಇತ್ತು.

ಅವರು ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರು. ಪ್ರಕರಣ ಬ್ರಿಟಿಷ್ ಕೊಲಂಬಿಯಾದ ಸಿವಿಲ್ ರೆಸಲ್ಯೂಷನ್ ಟ್ರಿಬ್ಯುನಲ್ ಮುಂದೆ ಬಂತು. ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ ಎಂದು ಸಂಸ್ಥೆ ವಾದಿಸಿತು. ಆ ವಾದ ಒಪ್ಪಿದರೆ ಚಾಟ್‌ಬಾಟ್ ತನ್ನ ಕೃತ್ಯಗಳಿಗೆ ತಾನೇ ಹೊಣೆಗಾರನಾದ ಪ್ರತ್ಯೇಕ ವ್ಯಕ್ತಿಯಾಗುತ್ತದೆ ಎಂಬುದನ್ನು ಟ್ರಿಬ್ಯುನಲ್ ಎತ್ತಿ ತೋರಿಸಿತು. ಜಾಲತಾಣದಲ್ಲಿರುವುದು ಸಾಮಾನ್ಯ ಪುಟವಾಗಲಿ ಚಾಟ್‌ಬಾಟ್ ಆಗಲಿ, ಅದರಲ್ಲಿ ಹೇಳಿದ್ದಕ್ಕೆಲ್ಲ ಸಂಸ್ಥೆಯೇ ಹೊಣೆ ಎಂದು 2024ರ ಫೆಬ್ರುವರಿ 14ರಂದು ತೀರ್ಪು ಬಂತು. ಟಿಕೆಟ್ ದರದಲ್ಲಿನ ವ್ಯತ್ಯಾಸ 650.88 ಕೆನಡಾ ಡಾಲರ್, ಬಡ್ಡಿ ಮತ್ತು ಶುಲ್ಕ ಸೇರಿ 812.02 ಡಾಲರ್ ಕೊಡಬೇಕಾಯಿತು.

ವಿಮಾನ ಸಂಸ್ಥೆಗೆ ಈ ಮೊತ್ತ ಲೆಕ್ಕಕ್ಕೇ ಇಲ್ಲ. ಆದರೆ ತೀರ್ಪು ಜಗತ್ತಿನೆಲ್ಲೆಡೆ ಕಂಪನಿಗಳ ಕಾನೂನು ವಿಭಾಗಗಳಿಗೆ ಮುಟ್ಟಿತು. ಗ್ರಾಹಕನಿಗೆ ಮಾತು ಕೊಡುವ ಕೆಲಸಕ್ಕೆ ಯಂತ್ರವನ್ನು ಕೂರಿಸಿದ ಮೇಲೆ ಆ ಮಾತು ಕಂಪನಿಯದೇ. ಕಾಲ್ ಸೆಂಟರಿನ ಹುಡುಗಿ ತಪ್ಪು ಹೇಳಿದ್ದರೆ ಕಂಪನಿ ಅದನ್ನು ಅವಳ ತಲೆಗೆ ಕಟ್ಟಿ ಕೆಲಸದಿಂದ ತೆಗೆಯಬಹುದಿತ್ತು. ಯಂತ್ರದ ತಲೆಗೆ ಕಟ್ಟಲು ಇಲ್ಲಿ ಆಗಲಿಲ್ಲ.

ಸ್ಟಾಕ್‌ಹೋಮ್‌ನ ಪಾಠ

'ಈಗ ಕೊಳ್ಳಿ, ಆಮೇಲೆ ಕೊಡಿ' ಎಂಬ ಸೌಲಭ್ಯ ನೀಡುವ ಸ್ವೀಡನ್ನಿನ ಕ್ಲಾರ್ನಾ 2024ರ ಫೆಬ್ರುವರಿಯಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐನ ತಂತ್ರಜ್ಞಾನ ಬಳಸಿದ ತನ್ನ ಸಹಾಯಕ ಒಂದೇ ತಿಂಗಳಲ್ಲಿ 23 ಲಕ್ಷ ಸಂಭಾಷಣೆ ನಡೆಸಿದೆ, ಒಟ್ಟು ಚಾಟ್‌ಗಳಲ್ಲಿ ಮೂರನೇ ಎರಡು ಭಾಗ ಅದೇ ನಿಭಾಯಿಸಿದೆ, 700 ಪೂರ್ಣಾವಧಿ ನೌಕರರ ಕೆಲಸ ಮಾಡುತ್ತಿದೆ, 11 ನಿಮಿಷ ಹಿಡಿಯುತ್ತಿದ್ದ ಕೆಲಸ ಎರಡು ನಿಮಿಷದೊಳಗೆ ಆಗುತ್ತಿದೆ ಎಂದು ಹೇಳಿತು. 23 ದೇಶಗಳ ಮಾರುಕಟ್ಟೆಯಲ್ಲಿ, 35ಕ್ಕೂ ಹೆಚ್ಚು ಭಾಷೆಗಳಲ್ಲಿ, ಹಗಲೂ ರಾತ್ರಿ. ರಾತ್ರಿ ಪಾಳಿಯ ಅಗತ್ಯವೇ ಇಲ್ಲ.

ಅದರ ಬೆನ್ನಲ್ಲೇ ಕಾಲ್ ಸೆಂಟರ್ ಕಂಪನಿಗಳ ಷೇರುಗಳು ಕುಸಿದವು. ಟೆಲಿಪರ್ಫಾರ್ಮೆನ್ಸ್‌ಗೂ ದೊಡ್ಡ ಪೆಟ್ಟು ಬಿತ್ತು. ಅದಕ್ಕೂ ಮೊದಲು, 2023ರ ಜುಲೈನಲ್ಲಿ, ನಮ್ಮ ಬೆಂಗಳೂರಿನ ದುಕಾನ್ ಎಂಬ ನವೋದ್ಯಮದ ಮುಖ್ಯಸ್ಥರು ಸಹಾಯ ವಿಭಾಗದ ಶೇ 90ರಷ್ಟು ಮಂದಿಯನ್ನು ತೆಗೆದು ಚಾಟ್‌ಬಾಟ್ ಹಾಕಿರುವುದಾಗಿ ಬಹಿರಂಗವಾಗಿ ಬರೆದು ಸಾಕಷ್ಟು ಟೀಕೆಗೆ ಒಳಗಾಗಿದ್ದರು.

ಕ್ಲಾರ್ನಾ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಮೇ ಹೊತ್ತಿಗೆ ಅದರ ಮುಖ್ಯಸ್ಥ ಸೆಬಾಸ್ಟಿಯನ್ ಸೀಮಿಯಟ್‌ಕೋವ್‌ಸ್ಕಿ, ಖರ್ಚು ಉಳಿಸುವುದಕ್ಕೆ ಅತಿಯಾಗಿ ಒತ್ತು ಕೊಟ್ಟಿದ್ದರಿಂದ ಸೇವೆಯ ಗುಣಮಟ್ಟ ಇಳಿಯಿತು ಎಂದು ಒಪ್ಪಿಕೊಂಡರು. ಬೇಕೆಂದ ಗ್ರಾಹಕರಿಗೆ ಮನುಷ್ಯರು ಸಿಗುವಂತೆ ಮತ್ತೆ ನೇಮಕ ಮಾಡಿಕೊಳ್ಳುವುದಾಗಿ ಹೇಳಿದರು. ಯಂತ್ರವನ್ನು ಕೈಬಿಡಲಿಲ್ಲ, ಮನುಷ್ಯರನ್ನು ಹಿಂದಕ್ಕೆ ಕರೆದರು.

ಇದರ ಹಿಂದಿನ ಲೆಕ್ಕ ಸರಳ. ಗ್ರಾಹಕರ ಕರೆಗಳಲ್ಲಿ ಬಹುಪಾಲು 'ನನ್ನ ಆರ್ಡರ್ ಎಲ್ಲಿದೆ', 'ಪಾಸ್‌ವರ್ಡ್ ಮರೆತಿದ್ದೇನೆ' ಎಂಬಂಥವು. ಅವಕ್ಕೆ ಯಂತ್ರವೇ ಲೇಸು, ಕಾಯಿಸುವುದಿಲ್ಲ, ಬೇಸರಿಸುವುದಿಲ್ಲ. ಉಳಿದವುಗಳಲ್ಲಿ ಗಂಡ ತೀರಿಹೋದ ಮೇಲೆ ಅವನ ಖಾತೆ ಮುಚ್ಚಿಸಲು ಒದ್ದಾಡುವವರಿದ್ದಾರೆ, ಬೇರೆಯವರ ಸಾಲ ತಮ್ಮ ಹೆಸರಿಗೆ ಬಿದ್ದವರಿದ್ದಾರೆ. ಅಲ್ಲಿ ನಿಯಮ ತಿಳಿದಿದ್ದರೆ ಸಾಲದು. ನಿಯಮ ಎಲ್ಲಿ ಸಡಿಲಿಸಬೇಕೆಂದು ತೀರ್ಮಾನಿಸುವವರು ಬೇಕು. ಸುಲಭದ ಕರೆಗಳೆಲ್ಲ ಯಂತ್ರಕ್ಕೆ ಹೋದ ಮೇಲೆ ನೌಕರರ ಪಾಲಿಗೆ ಉಳಿಯುವುದು ಬರೀ ಇಂಥ ಕರೆಗಳು. ಆ ಕೆಲಸಕ್ಕೆ ಹಳೆಯ ಸಂಬಳ, ಹಳೆಯ ಎಎಚ್‌ಟಿ, ಹಳೆಯ ಸ್ಕ್ರಿಪ್ಟ್ ಇಟ್ಟುಕೊಂಡು ಕೂರುವ ಕಂಪನಿ ಅದನ್ನು ಕೆಡಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಕೇಳಿದರೆ

ಇಲ್ಲಿಯವರೆಗೆ ನಾವು ಉತ್ತರ ಹೇಳುವವರ ಕಡೆ ಇದ್ದೆವು. ಈಗ ನಾವೂ ಜಗತ್ತಿನ ದೊಡ್ಡ ಕಂಪನಿಗಳ ಗ್ರಾಹಕರು. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ 2020ರಲ್ಲಿ ಕನ್ನಡದಲ್ಲಿ ಖರೀದಿಗೆ ಅವಕಾಶ ಕೊಟ್ಟವು. ನಮ್ಮ ಮೆಟ್ರೊ 2022ರ ನವೆಂಬರ್ 1ರಂದು ಕ್ಯೂಆರ್ ಟಿಕೆಟ್ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್‌ಗೆ ತಂದಿತು. ಬೇರೆ ಆ್ಯಪ್ ಇಳಿಸಿಕೊಳ್ಳದೆ, ದಿನವೂ ಮನೆಯವರೊಂದಿಗೆ ಹರಟುವ ಜಾಗದಲ್ಲೇ ಟಿಕೆಟ್ ಸಿಗುವುದು ಎಷ್ಟೋ ಜನರಿಗೆ ದೊಡ್ಡ ಅನುಕೂಲವಾಯಿತು.

ಆದರೆ ಮಾತಿಗೆ ಬಂದಾಗ ಕನ್ನಡ ಯಂತ್ರಕ್ಕೆ ಕಷ್ಟ. ಕಾರಣಗಳಲ್ಲಿ ಒಂದು ವೆಚ್ಚ. ಇಂಥ ಯಂತ್ರಗಳ ಹಿಂದಿರುವ ಭಾಷಾ ಮಾದರಿಗಳು ಪಠ್ಯವನ್ನು ಸಣ್ಣ ತುಂಡುಗಳಾಗಿ ಒಡೆದು ಓದುತ್ತವೆ, ತುಂಡಿಗೆ ಇಷ್ಟು ಎಂದು ಹಣ ಬೀಳುತ್ತದೆ. ಇಂಗ್ಲಿಷಿಗೆಂದು ಮಾಡಿದ ಪದ್ಧತಿಯಲ್ಲಿ ನಮ್ಮ ಲಿಪಿಗಳು ಚೂರುಚೂರಾಗುತ್ತಿದ್ದವು. ಓಪನ್‌ಎಐ 2024ರ ಮೇ ತಿಂಗಳಲ್ಲಿ ಪದ್ಧತಿ ಬದಲಿಸಿದಾಗ ತಾನೇ ಕೊಟ್ಟ ಉದಾಹರಣೆಯಲ್ಲಿ ತೆಲುಗಿನ ತುಂಡುಗಳು 3.5 ಪಟ್ಟು, ತಮಿಳಿನವು 3.3 ಪಟ್ಟು ಕಡಿಮೆಯಾದವು. ಅಂದರೆ ಅಲ್ಲಿಯವರೆಗೆ ದಕ್ಷಿಣದ ಭಾಷೆಗಳು ಎಷ್ಟು ಹೆಚ್ಚು ತೆರುತ್ತಿದ್ದವು ಎಂಬುದು ಗೊತ್ತಾಗುತ್ತದೆ.

ಇನ್ನೊಂದು ಕಾರಣ ದನಿಗಳ ಕೊರತೆ. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಚಾಮರಾಜನಗರದ ಕನ್ನಡ ಯಂತ್ರದ ಕಿವಿಗೆ ಬಿದ್ದಿರುವುದೇ ಅಪರೂಪ. ಅದರ ಮೇಲೆ ನಾವು 'ಆರ್ಡರ್ ಕ್ಯಾನ್ಸಲ್ ಮಾಡಿದೀನಿ, ದುಡ್ಡು ಇನ್ನೂ ರಿಫಂಡ್ ಆಗಿಲ್ಲ ನೋಡ್ರಿ' ಎಂದು ಎರಡು ಭಾಷೆ ಬೆರೆಸುತ್ತೇವೆ. ಈ ಕೊರತೆ ನೀಗಲು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೇ ಗೂಗಲ್ ನೆರವಿನೊಂದಿಗೆ 'ವಾಣಿ' ಯೋಜನೆ ಹಮ್ಮಿಕೊಂಡಿದೆ. ದೇಶದ 773 ಜಿಲ್ಲೆಗಳ ಜನರ ಸಹಜ ಮಾತನ್ನು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಕೊಡುವುದು ಅದರ ಗುರಿ. ಕೇಂದ್ರ ಸರ್ಕಾರದ ಭಾಷಾ ಅನುವಾದ ಯೋಜನೆ ಭಾಷಿಣಿ 2022ರಿಂದ ನಡೆಯುತ್ತಿದೆ. ಬೆಂಗಳೂರಿನ ಸರ್ವಂ ಎಐ 2024ರ ಆಗಸ್ಟ್‌ನಲ್ಲಿ ಹತ್ತು ಭಾರತೀಯ ಭಾಷೆಗಳಲ್ಲಿ ಫೋನಿನಲ್ಲಿ ಮಾತಾಡುವ ಯಂತ್ರಗಳನ್ನು ನಿಮಿಷಕ್ಕೆ ಒಂದು ರೂಪಾಯಿ ಆರಂಭಿಕ ದರದಲ್ಲಿ ಕೊಡುವುದಾಗಿ ಪ್ರಕಟಿಸಿತು.

ನಿಮಿಷಕ್ಕೆ ಒಂದು ರೂಪಾಯಿ ಎಂದರೆ ಕನ್ನಡದಲ್ಲಿ ಸೇವೆ ಕೊಡಲು ದುಬಾರಿ ಎಂಬ ನೆಪ ಇನ್ನು ನಡೆಯದು. ವರ್ಷಾನುವರ್ಷ 'ಹಿಂದಿಗೆ ಎರಡು ಒತ್ತಿ' ಎಂಬಲ್ಲಿಗೆ ನಮ್ಮನ್ನು ನಿಲ್ಲಿಸಿದ ಬ್ಯಾಂಕು, ವಿಮೆ, ವಿಮಾನ ಕಂಪನಿಗಳನ್ನು ಕನ್ನಡಿಗರು ಈಗ ಗಟ್ಟಿಯಾಗಿ ಕೇಳಬಹುದು, ಕೇಳಬೇಕು. ಸಾಲ ವಸೂಲಿಗೆ ಕನ್ನಡದಲ್ಲಿ ಕರೆ ಮಾಡಲು ಬರುವ ಯಂತ್ರಕ್ಕೆ ಕನ್ನಡದಲ್ಲಿ ದೂರು ಸ್ವೀಕರಿಸಲೂ ಬರಬೇಕಲ್ಲ.

ನಂಬರ್ ಸಿಗದಿದ್ದಲ್ಲಿ ಕಳ್ಳರು

ಯಂತ್ರಗಳ ಮೇಲೆ ಭರವಸೆ ಇಟ್ಟ ಕಂಪನಿಗಳು ತಮ್ಮ ಫೋನ್ ನಂಬರನ್ನು ಮೂಲೆಗೆ ತಳ್ಳುತ್ತಿವೆ. ಆ್ಯಪ್‌ನಲ್ಲಿ ಸಹಾಯ, ಅದರೊಳಗೆ ಪ್ರಶ್ನೋತ್ತರ, ಅದರೊಳಗೆ ಚಾಟ್, ಎಷ್ಟು ತಡಕಾಡಿದರೂ ಮನುಷ್ಯರಿಲ್ಲ. ಬೇಸತ್ತವರು ಗೂಗಲ್‌ನಲ್ಲಿ 'ಕಸ್ಟಮರ್ ಕೇರ್ ನಂಬರ್' ಎಂದು ಹುಡುಕುತ್ತಾರೆ. ಅಲ್ಲಿ ವಂಚಕರು ತಮ್ಮ ನಂಬರನ್ನು ಹಾಕಿ ಕಾದಿರುತ್ತಾರೆ. ತಕ್ಷಣ ಫೋನ್ ಎತ್ತುತ್ತಾರೆ, ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರೆ, ರಿಫಂಡ್ ಕೊಡಿಸುತ್ತೇವೆ ಎಂದು ಒಂದು ಆ್ಯಪ್ ಹಾಕಿಸಿ ಖಾತೆ ಬರಿದು ಮಾಡುತ್ತಾರೆ. ಅಸಲಿ ಕಂಪನಿ ಕೊಡದ ಗಮನವನ್ನು ಕಳ್ಳ ಕೊಡುತ್ತಾನೆ, ಜನ ಮೋಸಹೋಗುವುದು ಇದರಿಂದಲೇ. ನನ್ನ ಅಭಿಪ್ರಾಯದಲ್ಲಿ ಈ ವಂಚನೆಯ ಹೊಣೆಯಲ್ಲಿ ನಂಬರ್ ಬಚ್ಚಿಟ್ಟವರ ಪಾಲೂ ಇದೆ. ಹಣ ಹೋದವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ದನಿಯನ್ನೇ ನಕಲು ಮಾಡುವ ತಂತ್ರ ಬಂದ ಮೇಲೆ ಕಷ್ಟ ಹೆಚ್ಚಿದೆ. ಗ್ರಾಹಕರ ಒಪ್ಪಿಗೆ ಇಲ್ಲದೆ ಕೃತಕ ದನಿಯ ಸ್ವಯಂಚಾಲಿತ ಕರೆ ಮಾಡುವುದು ಕಾನೂನುಬಾಹಿರ ಎಂದು ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2024ರ ಫೆಬ್ರುವರಿಯಲ್ಲಿ ಸಾರಿತು.

ಮನುಷ್ಯರನ್ನು ಕೇಳುವ ಹಕ್ಕು

ಯುರೋಪ್ ಇನ್ನೂ ಒಂದು ಹೆಜ್ಜೆ ಮುಂದಿದೆ. 2024ರ ಆಗಸ್ಟ್‌ನಲ್ಲಿ ಅಸ್ತಿತ್ವಕ್ಕೆ ಬಂದ ಅಲ್ಲಿಯ ಕೃತಕ ಬುದ್ಧಿಮತ್ತೆ ಕಾಯ್ದೆ ಹಂತಹಂತವಾಗಿ ಅನ್ವಯವಾಗುತ್ತದೆ. ಮಾತಾಡುತ್ತಿರುವುದು ಯಂತ್ರ ಎಂದು ಗ್ರಾಹಕರಿಗೆ ತಿಳಿಸಬೇಕು ಎಂಬುದು ಅದರ ಒಂದು ನಿಯಮ. 2023ರ ಇನ್ನೊಂದು ನಿರ್ದೇಶನ ಸಾಲ, ವಿಮೆಯಂಥ ಹಣಕಾಸು ಸೇವೆಗಳನ್ನು ದೂರದಿಂದಲೇ ಮಾರುವವರಿಗೆ ಸಂಬಂಧಿಸಿದ್ದು. ಚಾಟ್‌ಬಾಟ್ ಬಳಸುವ ಕಂಪನಿ, ಒಪ್ಪಂದಕ್ಕೆ ಮೊದಲು ಗ್ರಾಹಕ ಕೇಳಿದರೆ ಮನುಷ್ಯರನ್ನು ಒದಗಿಸಲೇಬೇಕು ಎನ್ನುತ್ತದೆ ಅದು. ಜಾರಿಗೆ ಗೊತ್ತುಮಾಡಿದ್ದು 2026ರ ಜೂನ್.

ನಮ್ಮಲ್ಲಿ ಇಷ್ಟು ನೇರವಾಗಿ ಹೇಳುವ ಕಾನೂನು ಬೇಕು. ಅಲ್ಲಿಯವರೆಗೆ ಇರುವುದನ್ನಾದರೂ ಬಳಸಿಕೊಳ್ಳಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರ ನಡೆಸುವ ಪ್ರತಿ ಸಂಸ್ಥೆಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು, ಅವರ ಹೆಸರು, ಹುದ್ದೆ, ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಹಾಕಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಎಂದು ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಈ ವಿವರ ಸಾಮಾನ್ಯವಾಗಿ ಪುಟದ ತೀರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಚಾಟ್‌ಬಾಟ್ ಕೊಟ್ಟ ಭರವಸೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆ ಅಧಿಕಾರಿಗೇ ಬರೆಯಿರಿ. ಅಲ್ಲೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 17 ಭಾಷೆಗಳಲ್ಲಿ ಸೇವೆ ಕೊಡುವ ಆ ಸಹಾಯವಾಣಿಯಲ್ಲಿ ಕನ್ನಡದಲ್ಲೇ ದೂರು ಹೇಳಿಕೊಳ್ಳಬಹುದು.